ವಿಗ್ ತಗೊಳ್ಳುವ ಮುಂಚೆ ಅದರ ಒಳಭಾಗ ನೋಡಿ

ವಿಗ್ ತಗೊಳ್ಳಲು ಹೋದವರ ಕಣ್ಣು ಮೊದಲು ಕೂದಲಿನ ಮೇಲೇ ಹೋಗುತ್ತದೆ. ಎಷ್ಟು ಉದ್ದ, ಎಷ್ಟು ದಟ್ಟ, ಹೊಳಪು ಹೇಗಿದೆ, ಇಷ್ಟೇ ನೋಡುತ್ತಾರೆ. ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು: ಕೈಗೆ ಬಂದ ಕೂಡಲೇ ಅದನ್ನು ಮಗುಚಿ ಹಿಡಿಯಿರಿ, ಒಳಗಿನ ಟೋಪಿ ನೋಡಿ. ನಮ್ಮ ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಂಧಿ ಚೌಕದಿಂದ ಮನೆ ಸೇರುವಷ್ಟರಲ್ಲಿ ಬೆವರು ಕುತ್ತಿಗೆಗೆ ಇಳಿದಿರುತ್ತದೆ. ಆ ಹೊತ್ತಿನಲ್ಲಿ ನೆತ್ತಿಗೆ ಅಂಟಿಕೊಂಡಿರುವುದು ಆ ಟೋಪಿಯೇ ಅಲ್ವಾ. ಅದು ಸರಿ ಇಲ್ಲದಿದ್ದರೆ ಮೇಲಿನ ಕೂದಲು ಎಷ್ಟು ಚಂದ ಇದ್ದರೂ ಒಂದು ವಾರ ಹಾಕಿ ಬೀರುವಿಗೆ ಸೇರಿಸುತ್ತೀರಿ.

ನನಗಿರುವುದು ಅಲೋಪೇಶಿಯಾ ಏರಿಯಾಟಾ. ಹುಳ ತಿಂದಿದೆ ಅಂತ ಕೆಲವರು ಹೇಳುತ್ತಾರೆ, ಹುಳ ಏನೂ ಇರುವುದಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿ ಬೀಳುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬಾಚಣಿಗೆ, ದಿಂಬು ಬೇರೆ ಇಡಬೇಕಾಗಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಹುಡುಗಿಯರನ್ನು ಅದೇ ಕಾರಣಕ್ಕೆ ದೂರ ಕೂರಿಸುತ್ತಾರೆ. ಕೆಲವರಿಗೆ ನಾಣ್ಯದಷ್ಟು ಜಾಗ ಬೋಳಾಗಿ ಮತ್ತೆ ತಾನಾಗಿಯೇ ಬರುತ್ತದೆ, ಕೆಲವರಿಗೆ ತಲೆಯ ಕೂದಲೆಲ್ಲ ಹೋಗುತ್ತದೆ. ಹಾಗಾಗಿ ವಿಗ್ ಅಂಗಡಿಗೆ ಮುಂಚೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ರಕ್ತ ಕಡಿಮೆ ಇದ್ದರೂ ಥೈರಾಯ್ಡ್ ಇದ್ದರೂ ಕೂದಲು ಉದುರುತ್ತದೆ. ಅದಕ್ಕೆ ಬೇಕಾದದ್ದು ಔಷಧ.

ಈಗ ಟೋಪಿ. ಕಡಿಮೆ ಬೆಲೆಯ ವಿಗ್‌ಗಳಲ್ಲಿ ಕೂದಲನ್ನು ಉದ್ದನೆಯ ಪಟ್ಟಿಯಾಗಿ ಹೊಲಿದು, ಆ ಪಟ್ಟಿಗಳನ್ನು ಎಲಾಸ್ಟಿಕ್ ಮೇಲೆ ಸಾಲಾಗಿ ಕೂರಿಸಿರುತ್ತಾರೆ. ಪಟ್ಟಿಗೆ ವೆಫ್ಟ್ ಅನ್ನುತ್ತಾರೆ. ನಡುವೆ ಸಂದು ಇರುವುದರಿಂದ ಗಾಳಿ ಆಡುತ್ತದೆ. ಆದರೆ ಬೈತಲೆ ತೆಗೆದರೆ ಒಳಗಿನ ಹೊಲಿಗೆ ಕಾಣುತ್ತದೆ. ಮೊನೊಫಿಲಮೆಂಟ್ ಅಂದರೆ ತೆಳು ಜಾಲರಿ. ಅದಕ್ಕೆ ಕೂದಲನ್ನು ಕೈಯಿಂದ ಗಂಟು ಹಾಕಿರುತ್ತಾರೆ, ಬೈತಲೆಯಲ್ಲಿ ನಿಮ್ಮ ಚರ್ಮವೇ ಕಾಣುತ್ತದೆ. ಲೇಸ್ ಫ್ರಂಟ್‌ನಲ್ಲಿ ಹಣೆಯ ಅಂಚಿಗೆ ಸಣ್ಣ ಜಾಲರಿ ಇರುವುದರಿಂದ ಕೂದಲು ಅಲ್ಲಿಂದಲೇ ಹುಟ್ಟಿದ ಹಾಗೆ ಕಾಣುತ್ತದೆ. ಇನ್ನು ಪೂರ್ತಿ ಸಿಲಿಕಾನ್ ಅಥವಾ ಪಾಲಿಯುರಿಥೇನ್ ತಳದವು ಇವೆ. ತಲೆಗೆ ಗಟ್ಟಿಯಾಗಿ ಕೂರುತ್ತವೆ, ನಿಜ, ಆದರೆ ಬೆವರು ಹೋಗಲು ದಾರಿ ಇಲ್ಲ. ನಮ್ಮ ಊರಿನ ಸೆಖೆಗೆ ಮುಂದೆ ಲೇಸ್, ನೆತ್ತಿಯಲ್ಲಿ ಮೊನೊ, ಹಿಂದೆ ಬಿಡಿ ವೆಫ್ಟ್ ಇರುವುದೇ ಒಳ್ಳೆಯದು. ಬೈತಲೆಗೆ ಕುಂಕುಮ ಇಡುವವರು ಒಂದು ಜ್ಞಾಪಕ ಇಟ್ಟುಕೊಳ್ಳಿ: ಜಾಲರಿಗೆ ಹತ್ತಿದ ಕುಂಕುಮ ಸುಲಭಕ್ಕೆ ಹೋಗುವುದಿಲ್ಲ.

ಅಳತೆ ತಗೊಳ್ಳದೆ ಆನ್‌ಲೈನ್‌ನಲ್ಲಿ ತರಿಸಬೇಡಿ. ದರ್ಜಿಯ ಟೇಪು ಸಾಕು. ಹಣೆಯಲ್ಲಿ ಕೂದಲು ಶುರುವಾಗುವ ಜಾಗದಿಂದ ಕಿವಿಯ ಹಿಂದೆ ಹಾಯಿಸಿ ಕುತ್ತಿಗೆಯ ಮೇಲಿನಿಂದ ಒಂದು ಸುತ್ತು. ಹೆಚ್ಚಿನ ಹೆಂಗಸರಿಗೆ ಇದು 21.5 ರಿಂದ 22.5 ಇಂಚು ಇರುತ್ತದೆ, ಆ ಅಳತೆಗೇ ಮಧ್ಯಮ ಸೈಜು. ತಲೆ ಪೂರ್ತಿ ಬೋಳಾದ ಮೇಲೆ ಸುತ್ತಳತೆ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಹಿಂದೆ ಬಿಗಿ ಮಾಡುವ ಪಟ್ಟಿ ಇದೆಯಾ ನೋಡಿ. ಕೂದಲು ಎಷ್ಟು ದಟ್ಟ ಅನ್ನುವುದಕ್ಕೆ ಡೆನ್ಸಿಟಿ ಅಂತ ಒಂದು ಅಂಕಿ ಹೇಳುತ್ತಾರೆ. 130 ಅಂದರೆ ಸಹಜವಾಗಿ ಕಾಣುವಷ್ಟು. 180 ತಗೊಂಡರೆ ಫೋಟೋದಲ್ಲಿ ಚಂದ, ತಲೆಗೆ ಭಾರ.

ನಮ್ಮ ಬೆಳಗಾವಿಯ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಕೀಮೋ ಶುರುವಾಗುವ ಮುಂಚೆಯೇ ವಿಗ್ ನೋಡೋಣ ಅಂತ ನಾನೇ ಹಟ ಹಿಡಿದೆ. ಅಣ್ಣನಿಗೆ ಅದು ಸರಿ ಕಾಣಲಿಲ್ಲ, ಈಗಲೇ ಯಾಕೆ ಅಂದ. ಎಲ್ಲ ಕೀಮೋ ಔಷಧಕ್ಕೂ ಕೂದಲು ಹೋಗುವುದಿಲ್ಲ, ಆದರೆ ಹೋಗುವಂಥ ಔಷಧ ಆದರೆ ಮೊದಲ ಡೋಸ್ ಆದ ಎರಡು ಮೂರು ವಾರಕ್ಕೇ ಕೈಗೆ ಬರಲು ಶುರುವಾಗುತ್ತದೆ. ಆಗ ಸುಸ್ತು, ವಾಂತಿ, ಅದರ ನಡುವೆ ಅಂಗಡಿ ಸುತ್ತುವುದು ಯಾರಿಗೆ ಬೇಕು? ಮುಂಚೆ ಹೋದರೆ ಸ್ವಂತ ಕೂದಲಿನ ಬಣ್ಣ, ಬೈತಲೆ ಎಲ್ಲಿ, ಹಣೆಯ ಅಂಚು ಎಲ್ಲಿ, ಎಲ್ಲವನ್ನೂ ಎದುರಿಗಿಟ್ಟು ಹೊಂದಿಸಬಹುದು. ಅಂಗಡಿಯವರು ಕಡುಕಪ್ಪು ತೆಗೆದು ತೋರಿಸಿದರು. ನಮ್ಮ ಕಪ್ಪು ನಿಜಕ್ಕೂ ಅಷ್ಟು ಕಪ್ಪಲ್ಲ. ಬಣ್ಣದ ಪಟ್ಟಿಯಲ್ಲಿ 1 ಅಂದರೆ ಕಡುಕಪ್ಪು, 1ಬಿ ಅಂದರೆ ಅದಕ್ಕಿಂತ ಒಂದು ಎಳೆ ಮೆತ್ತಗೆ. ನಮ್ಮಲ್ಲಿ ಹೆಚ್ಚಿನವರಿಗೆ ಹೊಂದುವುದು ಈ 1ಬಿ. ಐವತ್ತು ದಾಟಿದ ವೈನಿಗೆ ಅದರಲ್ಲೇ ಅಲ್ಲಲ್ಲಿ ನರೆ ಇದ್ದದ್ದನ್ನು ಹುಡುಕಿದೆವು.

ವೈನಿ ಕೇಳಿದ ಮೊದಲ ಪ್ರಶ್ನೆ, "ಇದನ್ನ ಹಾಕ್ಕೊಂಡು ರೊಟ್ಟಿ ಮಾಡಾಕ ಬರ್ತೈತೇನವಾ?"

ಬಹಳ ಒಳ್ಳೆಯ ಪ್ರಶ್ನೆ. ಸಿಂಥೆಟಿಕ್ ವಿಗ್ ಆದರೆ ಬರುವುದಿಲ್ಲ. ಅದರ ಎಳೆ ಪ್ಲಾಸ್ಟಿಕ್ ಜಾತಿಯದು. ಬಿಸಿ ಹವೆ ತಾಗಿದರೆ ಸುರುಟಿಕೊಂಡು ತುದಿಯೆಲ್ಲ ಗುಂಜು ಗುಂಜಾಗುತ್ತದೆ, ಮತ್ತೆ ಅದನ್ನು ಮೊದಲಿನ ಹಾಗೆ ಮಾಡುವುದು ಆಗದ ಕೆಲಸ. ಹಂಚಿನ ಮುಂದೆ ಬಗ್ಗುವುದು, ಕುಕ್ಕರ್ ಸೀಟಿ ಎತ್ತುವುದು, ಕಾದ ಎಣ್ಣೆಗೆ ಮುಖ ಕೊಡುವುದು, ಇವಿಷ್ಟೂ ಬೇಡ. ನಿಜವಾದ ಕೂದಲಿನದಾದರೆ ಇಷ್ಟು ಭಯ ಇಲ್ಲ. ಆದರೂ ನಾನು ಹೇಳುವುದು, ಅಡುಗೆ ಮನೆಯಲ್ಲಿ ಹತ್ತಿ ಬಟ್ಟೆ ಸುತ್ತಿಕೊಳ್ಳಿ, ವಿಗ್ ಸ್ಟ್ಯಾಂಡ್ ಮೇಲಿರಲಿ. ಹಾಗಂತ ಸಿಂಥೆಟಿಕ್ ಕೆಟ್ಟದ್ದಲ್ಲ. ಬೆಲೆ ಕಡಿಮೆ, ಹಗುರ, ತೊಳೆದು ಒಣಗಿಸಿದರೆ ತನ್ನ ಆಕಾರಕ್ಕೆ ತಾನೇ ಬರುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ನಿಜ ಕೂದಲು ತೇವಕ್ಕೆ ಉಬ್ಬಿ ಹರಡಿಕೊಳ್ಳುತ್ತದೆ, ಸಿಂಥೆಟಿಕ್‌ಗೆ ಆ ಚಿಂತೆ ಇಲ್ಲ. ನಾನು ಅಲ್ಲಿಗೆ ಹೋಗುವಾಗ ಅದನ್ನೇ ಹಾಕುತ್ತೇನೆ. ದಿನಾ ಹಾಕಿದರೆ ನಾಲ್ಕರಿಂದ ಆರು ತಿಂಗಳು ಬರುತ್ತದೆ. ನಿಜ ಕೂದಲಿನದು ಚೆನ್ನಾಗಿ ನೋಡಿಕೊಂಡರೆ ವರ್ಷ ದಾಟುತ್ತದೆ.

ನಿಜ ಕೂದಲಿನಲ್ಲೂ ಎರಡು ಬಗೆ ಇದೆ ಅನ್ನುವುದು ನಮ್ಮ ಭಾಗದವರಿಗೆ ಬೇಗ ತಿಳಿಯಬೇಕು. ಬಾಚಿದಾಗ ಉದುರಿದ ಕೂದಲನ್ನು ಅವ್ವ ಉಂಡೆ ಮಾಡಿ ಗೋಡೆ ಸಂದಿಯಲ್ಲಿ ಇಡುತ್ತಿದ್ದದ್ದು, ಕೂದಲಿನವರು ಬಂದಾಗ ಅದನ್ನು ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ತಗೊಂಡದ್ದು ನೆನಪಿದೆಯಲ್ಲ? ಆ ಕೂದಲನ್ನು ಬಿಡಿಸಿ, ಹಸನು ಮಾಡಿ, ಅಳತೆ ಪ್ರಕಾರ ಕಟ್ಟುವ ಕೆಲಸ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ದೊಡ್ಡ ಉದ್ಯೋಗವಾಗಿ ಬೆಳೆದಿದೆ. ಎಷ್ಟೋ ಹೆಂಗಸರ ಹೊಟ್ಟೆ ತುಂಬಿಸಿದ ಕೆಲಸ ಅದು, ನನಗೆ ಅದರ ಮೇಲೆ ಗೌರವ ಇದೆ. ಆದರೆ ಅಂಥ ಕೂದಲಿನಲ್ಲಿ ಬುಡ ಯಾವುದು ತುದಿ ಯಾವುದು ಅಂತ ಕಲೆತು ಹೋಗಿರುತ್ತದೆ. ಕೂದಲಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ಹೊರಪೊರೆ ಇದೆ, ಮೀನಿನ ಮೈಯ ಹಾಗೆ ಒಂದೇ ದಿಕ್ಕಿಗೆ. ದಿಕ್ಕು ಅಡ್ಡಾದಿಡ್ಡಿ ಆದರೆ ಒಂದಕ್ಕೊಂದು ಸಿಕ್ಕಿ ಗಂಟಾಗುತ್ತದೆ. ಅದಕ್ಕೇ ಎಷ್ಟೋ ಕಡೆ ಆಸಿಡ್‌ನಲ್ಲಿ ಆ ಪೊರೆ ತೆಗೆದು ಮೇಲೆ ಸಿಲಿಕಾನ್ ಲೇಪಿಸುತ್ತಾರೆ. ಹೊಸತರಲ್ಲಿ ಮಿರಮಿರ ಹೊಳೆಯುತ್ತದೆ. ಕೆಲವು ಸಲ ತೊಳೆದ ಮೇಲೆ ಲೇಪ ಹೋಗಿ ನಾರಿನಂತಾಗುತ್ತದೆ. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲನ್ನು ದೇವಸ್ಥಾನ ಹರಾಜು ಹಾಕುತ್ತದೆ. ಅಂಥದ್ದನ್ನು ಬುಡದ ಕಡೆ ಕಟ್ಟಿ ದಿಕ್ಕು ಕೆಡದಂತೆ ಇಟ್ಟರೆ ಅದೇ ರೆಮಿ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ.

ರೆಮಿ ಅಂತ ಹೇಳಿ ಸಿಂಥೆಟಿಕ್ ಬೆರೆಸಿ ಕೊಡುವವರೂ ಇದ್ದಾರೆ. ನನಗೇ ಒಂದು ಕಡೆ ಕೊಟ್ಟಿದ್ದರು. ಉದುರಿದ ಒಂದೆರಡು ಎಳೆ ತಗೊಂಡು ಕಡ್ಡಿ ಗೀರಿ ನೋಡಿ. ನಿಜ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಸ್ವಂತ ಕೂದಲು ಇದ್ದು ತೆಳ್ಳಗಾದವರಿಗೆ ವಿಗ್ ಬೇಕಾಗಿಲ್ಲ, ಕ್ಲಿಪ್ಪಿನದೋ ಚೌರಿಯೋ ಸಾಕು. ಮದುಮಗಳಿಗೆ ಮೊಗ್ಗಿನ ಜಡೆ ಹಾಕುವಾಗ ಚೌರಿ ಸೇರಿಸಿ ಹೆಣೆಯುತ್ತಾರೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಹಾಗಿದ್ದ ಮೇಲೆ ವಿಗ್ ಹಾಕಿದವಳು ಯಾಕೆ ಅಂಜಿಕೊಂಡು ಓಡಾಡಬೇಕು ಅಂತ ನನಗೆ ಸಿಟ್ಟೇ ಬರುತ್ತದೆ. ಇನ್ನು ಸಣ್ಣ ಸಣ್ಣ ಹೆಣಿಗೆ ಹೆಣೆದು ಅದರ ಮೇಲೆ ವೆಫ್ಟ್ ಹೊಲಿಯುವ ಪದ್ಧತಿ ಗುಂಗುರು ಕೂದಲಿನ ಆಫ್ರಿಕಾ ಮೂಲದ ಹೆಂಗಸರ ನಡುವೆ ಬೆಳೆದದ್ದು. ನಮ್ಮ ನುಣುಪು ಕೂದಲಲ್ಲಿ ಆ ಹೆಣಿಗೆ ಜಾರುತ್ತದೆ. ಜಾರಬಾರದು ಅಂತ ಪಾರ್ಲರ್‌ನವರು ಇನ್ನಷ್ಟು ಬಿಗಿಯುತ್ತಾರೆ. ಅಲ್ಲಿಂದ ತೊಂದರೆ ಶುರು. ಬುಡ ಎಳೆದೆಳೆದು ಹಣೆಯ ಅಂಚಿನ ಕೂದಲು ಹೋಗುತ್ತದೆ, ವರ್ಷಗಟ್ಟಲೆ ಎಳೆದರೆ ಅಲ್ಲಿ ಮತ್ತೆ ಹುಟ್ಟುವುದೇ ಇಲ್ಲ. ರಾತ್ರಿ ನೆತ್ತಿ ನೋಯುತ್ತಿದ್ದರೆ ಮರುದಿನವೇ ಬಿಚ್ಚಿಸಿ. ನೋಯದಿದ್ದರೂ ಎರಡು ತಿಂಗಳಿಗಿಂತ ಜಾಸ್ತಿ ಇಡಬೇಡಿ. ಗಂಡಸರು ಹಾಕುವ ಪ್ಯಾಚಿಗೆ ಅಂಟು ಬಳಸುತ್ತಾರಲ್ಲ, ಅದನ್ನು ಮೊದಲು ಕೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ.

ತೊಳೆಯುವ ವಿಷಯದಲ್ಲಿ ನಮ್ಮ ದೊಡ್ಡ ಶತ್ರು ಬೋರ್ ನೀರು. ಬಕೆಟ್ ಅಂಚಿಗೆ ಬಿಳಿ ಕಲೆ ಕಟ್ಟುತ್ತದಲ್ಲ, ಅದೇ ಸುಣ್ಣ ವಿಗ್‌ಗೂ ಹತ್ತುತ್ತದೆ. ತಲೆಯ ಮೇಲಿನ ಕೂದಲಿಗೆ ಚರ್ಮದಿಂದ ಜಿಡ್ಡು ಬರುತ್ತದೆ, ವಿಗ್‌ಗೆ ಎಲ್ಲಿಂದ ಬರಬೇಕು? ಹಾಗಾಗಿ ಕೊನೆಯ ಸಲ ಜಾಲಿಸುವುದಾದರೂ ಫಿಲ್ಟರ್ ನೀರಿನಲ್ಲೇ ಇರಲಿ. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿ ಬಿಡಿಸಿ, ಆಮೇಲೆ ಮೇಲೆ ಮೇಲೆ ಹೋಗಿ. ತಣ್ಣೀರಿಗೆ ಸ್ವಲ್ಪ ಮೆದು ಶಾಂಪೂ ಕದಡಿ ಅದರಲ್ಲಿ ಅದ್ದಿ. ಉಜ್ಜಬೇಡಿ, ಹಿಂಡಬೇಡಿ. ಕಂಡೀಷನರ್ ಉದ್ದಕ್ಕೆ ಮಾತ್ರ, ಬುಡದ ಗಂಟಿಗೆ ತಾಗಿದರೆ ಗಂಟು ಸಡಿಲಾಗಿ ಕೂದಲು ಉದುರುತ್ತದೆ. ಟವೆಲ್‌ನಲ್ಲಿ ಒತ್ತಿ ನೆರಳಿನಲ್ಲಿ ಒಣಗಿಸಿ. ಒದ್ದೆ ಇರುವಾಗ ಸಿಂಥೆಟಿಕ್ ಬಾಚಬೇಡಿ. ಎಣ್ಣೆ ಹಚ್ಚಬೇಡಿ. ಇದನ್ನು ನಮ್ಮ ಅತ್ತೆಗೆ ಒಪ್ಪಿಸಲು ನನಗೆ ಬಹಳ ಕಾಲ ಹಿಡಿಯಿತು, ಎಣ್ಣೆ ಇಲ್ಲದ ಕೂದಲು ಅಂದರೆ ಅವರಿಗೆ ಸಂಕಟ. ದಿನಾ ಹಾಕುವವರು ವಾರಕ್ಕೊಮ್ಮೆ ತೊಳೆದರೆ ಸಾಕು, ಬೇಸಿಗೆಯಲ್ಲಿ ಒಳಗೊಂದು ತೆಳು ಹತ್ತಿ ಟೋಪಿ ಹಾಕಿ ಅದನ್ನು ದಿನಾ ಒಗೆಯಿರಿ.

ಸ್ಕೂಟರ್ ಓಡಿಸುವವರು ಹೆಲ್ಮೆಟ್ ತೆಗೆಯುವಾಗ ಒಂದು ಕೈ ಹಣೆಯ ಅಂಚಿಗೆ ಒತ್ತಿ ಹಿಡಿಯಿರಿ. ತಲೆ ಬೋಳಿದ್ದರೆ ಒಳಗೆ ವೆಲ್ವೆಟ್ ಪಟ್ಟಿ ಕಟ್ಟಿದರೆ ಜಾರುವುದಿಲ್ಲ. ಮಲ್ಲಿಗೆ ಮುಡಿಯಬಹುದು, ಆದರೆ ದಂಡೆ ಸಣ್ಣದಿರಲಿ, ಪಿನ್ನನ್ನು ವೆಫ್ಟ್‌ಗೆ ಸಿಕ್ಕಿಸಿ, ಜಾಲರಿಗೆ ಬೇಡ. ತಲೆ ಮೇಲೆ ಸೆರಗು ಹೊದೆಯುವವರಿಗೆ ಭುಜ ಮುಟ್ಟದ ಉದ್ದವೇ ಒಳ್ಳೆಯದು, ಇಲ್ಲದಿದ್ದರೆ ಸೆರಗಿನ ಉಜ್ಜುವಿಕೆಗೆ ಕುತ್ತಿಗೆಯ ಹತ್ತಿರ ಸಿಕ್ಕು ಕಟ್ಟುತ್ತದೆ.

ವೈನಿಯ ಕೀಮೋ ಮುಗಿದು ಕೂದಲು ಬರತೊಡಗಿವೆ. ಮೊದಲು ನೆಟ್ಟಗಿದ್ದವರಿಗೆ ಈಗ ಗುಂಗುರು, ಹೀಗೆ ಆಗುವುದುಂಟು. ಮಗನ ಮದುವೆಗೆ ಚೌರಿ ಸೇರಿಸಿ ಜಡೆ ಹಾಕಿಸಿಕೊಳ್ಳಬೇಕು ಅಂತ ಅವರಿಗೆ ಆಸೆ. ಕನಿಷ್ಠ ನಾಲ್ಕು ಇಂಚು ಬರಲಿ, ಅಷ್ಟಿಲ್ಲದೆ ಕ್ಲಿಪ್ ಹಾಕಿದರೆ ಎಳೆ ಕೂದಲು ಕಿತ್ತುಬರುತ್ತದೆ ಅಂತ ಹೇಳಿದ್ದೇನೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುವ ಲೆಕ್ಕದಲ್ಲಿ ಹತ್ತು ತಿಂಗಳಾದರೂ ಬೇಕು. ಮದುವೆ ಅದಕ್ಕಿಂತ ಮುಂಚೆ ಗೊತ್ತಾದರೆ ಆ ಲೇಸ್ ಫ್ರಂಟ್ ವಿಗ್‌ನ ಹಿಂದೆಯೇ ಚೌರಿ ಕಟ್ಟಿ ಜಡೆ ಹೆಣೆಯುತ್ತೇನೆ, ವೆಫ್ಟ್ ಇರುವ ಭಾಗ ಅಷ್ಟು ಭಾರ ತಡೆಯುತ್ತದೆ.