ಕೇದಾರಕಂಠಕ್ಕೆ ಹೊರಟಿದ್ದೀರಾ? ಬೂಟಿಗೆ ಹಾಕೋ ಮುಳ್ಳನ್ನು ಪುಣೆಯಲ್ಲೇ ಪರೀಕ್ಷೆ ಮಾಡಿ

ನಾವು ಪುಣೆಯಲ್ಲಿರುವ ಐದು ಜನ ಕನ್ನಡದವರು ಹೆಚ್ಚುಕಡಿಮೆ ಪ್ರತಿ ಭಾನುವಾರ ಸಿಂಹಗಡ ಹತ್ತುತ್ತೇವೆ. ಕತ್ತಲಿರುವಾಗಲೇ ಹೊರಟು, ಮೇಲೆ ಪಿಠ್ಲ-ಭಾಕ್ರಿ ತಿಂದು, ಮಜ್ಜಿಗೆ ಕುಡಿದು ಇಳಿಯುವುದು ರೂಢಿ. ಹಾಗಾಗಿ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಾಗ ನಮಗೆ ನಡೆಯುವುದರ ಬಗ್ಗೆ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಚಳಿಯದ್ದೇ. ಜಾಕೆಟ್, ಥರ್ಮಲ್, ಕೈಗವಸು ಅಂತ ವಾರಗಟ್ಟಲೆ ಅಂಗಡಿ ಸುತ್ತಿದೆವು. ಹಿಮದಲ್ಲಿ ಜಾರದಂತೆ ಬೂಟಿಗೆ ಹಾಕುವ ಮುಳ್ಳುಗಳನ್ನು ಮಾತ್ರ ಕೊನೇ ವಾರದಲ್ಲಿ ಆನ್‌ಲೈನ್‌ನಲ್ಲಿ ತರಿಸಿ, ಡಬ್ಬಿ ಸಮೇತ ಬ್ಯಾಗಿಗೆ ತುಂಬಿದೆವು. ಈ ತಪ್ಪು ನೀವು ಮಾಡಬೇಡಿ.

ಸಹ್ಯಾದ್ರಿಯ ಕಲ್ಲಿನ ಮೇಲೆ ಒಳ್ಳೆಯ ಬೂಟಿನ ರಬ್ಬರ್ ಗಟ್ಟಿಯಾಗಿ ಹಿಡಿಯುತ್ತದೆ. ಮಂಜುಗಡ್ಡೆಯ ಮೇಲೆ ಅದೇ ಬೂಟು ಜಾರುತ್ತದೆ. ಅಲ್ಲಿ ಉಕ್ಕಿನ ಮೊನೆ ಗಡ್ಡೆಯೊಳಗೆ ಇಳಿಯಬೇಕು.

ಹುಡುಕಿದರೆ ಮೂರು ಥರದ್ದು ಸಿಗುತ್ತವೆ. ರಬ್ಬರ್ ಜಾಲಕ್ಕೆ ಸ್ಪ್ರಿಂಗ್ ಸುತ್ತಿದ್ದು ಒಂದು. ಅದು ಹಿಮ ಬಿದ್ದ ಊರಿನ ಸಮತಟ್ಟು ರಸ್ತೆಗೆ ಸಾಕು, ಬೆಟ್ಟಕ್ಕೆ ಬೇಡ. ಇನ್ನೊಂದು ಮೈಕ್ರೋಸ್ಪೈಕ್. ಬೂಟಿನ ಸುತ್ತ ಹಿಗ್ಗುವ ರಬ್ಬರ್ ಪಟ್ಟಿ, ಅಡಿಯಲ್ಲಿ ಸರಪಳಿ, ಅದಕ್ಕೆ ಸುಮಾರು 1 ಸೆಂ.ಮೀ. ಉದ್ದದ ಮುಳ್ಳುಗಳು. ಜನ ತುಳಿದು ಗಟ್ಟಿಯಾದ ದಾರಿಗೆ, ಸಾಧಾರಣ ಏರಿಗೆ ಇದೇ ಸರಿ. ಕೇದಾರಕಂಠಕ್ಕೂ ಇದೇ. ಮೂರನೆಯದು ಕ್ರ್ಯಾಂಪಾನ್. 10-12 ದೊಡ್ಡ ಹಲ್ಲು ಇರುತ್ತವೆ, ಕಡಿದಾದ ಮಂಜುಗಡ್ಡೆಗೆ ಬೇಕಾಗುವಂಥದ್ದು. ದೊಡ್ಡದಾದರೆ ಒಳ್ಳೆಯದಲ್ವಾ ಅಂತ ನಮ್ಮಲ್ಲೊಬ್ಬರು ಅದನ್ನೇ ತರಿಸಲು ಹೊರಟಿದ್ದರು. ಸಾಮಾನ್ಯ ಟ್ರೆಕ್ಕಿಂಗ್ ಬೂಟಿನ ಅಟ್ಟೆ ಬಾಗುತ್ತದೆ, ಹೆಚ್ಚಿನ ಕ್ರ್ಯಾಂಪಾನ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಹಾಕಿ ನಡೆದು ಅಭ್ಯಾಸ ಇಲ್ಲದಿದ್ದರೆ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುವ ಭಯವೂ ಇದೆ.

ಡೆಹ್ರಾಡೂನ್‌ನಿಂದ ಟ್ರೆಕ್ ಶುರುವಾಗುವ ಹಳ್ಳಿ ಸಾಂಕ್ರಿಗೆ ಸುಮಾರು 200 ಕಿ.ಮೀ., ಇಡೀ ದಿನದ ಪ್ರಯಾಣ. ಅಲ್ಲಿಂದ ದಾರಿಯಲ್ಲಿ ಸಿಗುವ ಜೂಡಾ ಕಾ ತಾಲಾಬ್ ಎಂಬ ಕೆರೆಯವರೆಗೆ ಹಿಮ ಮೆತ್ತಗಿತ್ತು, ಬೂಟೇ ಸಾಕಾಯಿತು. ಕಷ್ಟ ಬಂದದ್ದು ಶಿಖರದ ದಿನ. ಎತ್ತರ ಸುಮಾರು 12,500 ಅಡಿ. ಸೂರ್ಯೋದಯಕ್ಕೆ ಮೇಲಿರಬೇಕು ಅಂತ ರಾತ್ರಿ ಮೂರಕ್ಕೆ ಹೊರಟೆವು. ಹಗಲು ಕರಗಿ, ಜನ ತುಳಿದ ಹಿಮ ರಾತ್ರಿ ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಕತ್ತಲಲ್ಲಿ, ದಪ್ಪ ಕೈಗವಸಿನಲ್ಲಿ ಮೈಕ್ರೋಸ್ಪೈಕ್ ಎಳೆದು ಹಾಕುವಾಗ ನನ್ನ ಗೆಳೆಯರೊಬ್ಬರದ್ದು ಹಿಮ್ಮಡಿಯ ಹತ್ತಿರ ಪಟಕ್ಕನೆ ಹರಿಯಿತು. ಅವರ ಬೂಟು ದೊಡ್ಡದು, ತರಿಸಿದ ಅಳತೆ ಚಿಕ್ಕದು. ಗೈಡ್ ಹಗ್ಗದಿಂದ ಬಿಗಿದು ಕಟ್ಟಿಕೊಟ್ಟರು. ಅರ್ಧ ಗಂಟೆಗೊಮ್ಮೆ ನಿಂತು ಮತ್ತೆ ಕಟ್ಟಬೇಕಾಯಿತು. ಒಂದು ಕಡೆ ಅದು ಕಳಚಿ ಅವರು ನಾಲ್ಕಡಿ ಜಾರಿದರು. ಆ ಕ್ಷಣದ ಹೆದರಿಕೆ ನನಗೆ ಇನ್ನೂ ಹೋಗಿಲ್ಲ.

ಆದ್ದರಿಂದ ಮನೆಯಲ್ಲೇ ಮಾಡಬೇಕಾದ ಕೆಲಸ ಹೇಳುತ್ತೇನೆ. ಅಳತೆಯನ್ನು ಪಾದಕ್ಕಲ್ಲ, ಟ್ರೆಕ್ಕಿಗೆ ಹಾಕುವ ಅದೇ ಬೂಟಿಗೆ ನೋಡಿ. ಹಾಕಿಕೊಂಡು ಕಾಲು ಜೋರಾಗಿ ಕೊಡವಿ. ಸರಿದರೆ ದೊಡ್ಡದು. ಹಾಕುವುದಕ್ಕೇ ಒದ್ದಾಟವಾದರೆ ಚಿಕ್ಕದು. ರಬ್ಬರನ್ನು ಹಿಗ್ಗಿಸಿ, ಸರಪಳಿ ಸೇರುವ ತೂತುಗಳ ಸುತ್ತ ಬಿರುಕು ಇದೆಯಾ ನೋಡಿ. ಸೊಸೈಟಿಯ ತೋಟದ ಮಣ್ಣಿನಲ್ಲಿ ಹತ್ತು ನಿಮಿಷ ನಡೆಯಿರಿ. ಆಮೇಲೆ ದೀಪ ಆರಿಸಿ, ಕೈಗವಸು ಹಾಕಿಕೊಂಡೇ ಹಾಕಿ ತೆಗೆದು ಅಭ್ಯಾಸ ಮಾಡಿ. ಬಾಡಿಗೆಗೆ ತಗೊಳ್ಳೋದಾದರೂ ಹೀಗೇ ನೋಡಿ, ಒಂದು ಹಗ್ಗದ ತುಂಡು ಜೊತೆಗಿರಲಿ. ವಿಮಾನದಲ್ಲಿ ಹೋಗುವವರು ಮುಳ್ಳುಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೇ ಹಾಕಿ.

ಇಳಿಯುವಾಗ ಬಿಸಿಲು ಏರಿ ಹಿಮ ಒದ್ದೆಯಾಗುತ್ತದೆ. ಅದು ಮುಳ್ಳಿನ ಸಂದಿಗೆ ಉಂಡೆಯ ಹಾಗೆ ಮೆತ್ತಿಕೊಂಡರೆ ಹಿಡಿತವೇ ಇರುವುದಿಲ್ಲ. ಆಗಾಗ ಕೋಲಿನಿಂದ ತಟ್ಟಿ ಉದುರಿಸಿ. ಬರೀ ಬಂಡೆ ಬಂದರೆ ಬಿಚ್ಚಿಬಿಡಿ, ಕಲ್ಲಿನ ಮೇಲೆ ಮೊನೆ ಜಾರುತ್ತದೆ, ಮೊಂಡಾಗುತ್ತದೆ.

ಊರಿಗೆ ಬಂದ ದಿನವೇ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಮುಳ್ಳಿಗೆ ಸ್ವಲ್ಪ ಎಣ್ಣೆ ಸವರಿಡಿ. ಒದ್ದೆಯಾಗಿ ಡಬ್ಬಿಯಲ್ಲಿಟ್ಟರೆ ನಮ್ಮ ಪುಣೆಯ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.