ಗುಡ್ಡೆಗೆ ಬೆಂಕಿ ಬಿದ್ದ ಮಧ್ಯಾಹ್ನ

ಮಾರ್ಚ್‌ನಲ್ಲಿ ಕೇರಳ-ಕರ್ನಾಟಕ ಗಡಿಯ ನಮ್ಮ ಮಂಜೇಶ್ವರ ಕಡೆ ಗುಡ್ಡೆಯ ಮುಳಿಹುಲ್ಲು ಒಣಗಿ ಗರಿಗರಿ ಆಗಿರುತ್ತದೆ. ಅವತ್ತು ಊಟಕ್ಕೆ ಕೂತಿದ್ದೆ, ಫೋನ್ ಬಂತು. ಗುಡ್ಡೆಗೆ ಬೆಂಕಿ ಬಿದ್ದಿದೆ, ಗಾಳಿ ಮನೆಗಳ ಕಡೆಗೇ ಬೀಸ್ತಾ ಇದೆ ಅಂತ. ಕೈ ತೊಳೆದು ಬೈಕ್ ಹತ್ತಿದೆ.

ನಾನು ಸಿವಿಲ್ ಡಿಫೆನ್ಸ್ ಸ್ವಯಂಸೇವಕ. 2018ರ ಪ್ರವಾಹದ ನಂತರ ಕೇರಳದಲ್ಲಿ ಒಂದೊಂದು ಅಗ್ನಿಶಾಮಕ ಠಾಣೆಗೆ 50 ಜನರಂತೆ ತಂಡ ಕಟ್ಟಿದರು. ಸಂಬಳ ಇಲ್ಲ. ತರಬೇತಿಯಲ್ಲಿ ಹಗ್ಗದ ಗಂಟು ಹಾಕುವುದರಿಂದ ಹಿಡಿದು ಎಲ್ಲ ಕಲಿಸಿದರು.

ಫೈರ್ ಇಂಜಿನ್ ಕೆಳಗಿನ ರಸ್ತೆಯಲ್ಲೇ ನಿಂತಿತ್ತು, ಆ ಮುರಕಲ್ಲಿನ ದಾರಿಯಲ್ಲಿ ಜೀಪ್ ಹತ್ತುವುದೇ ಕಷ್ಟ. ಹಸಿ ಗೆಲ್ಲು ಮುರಿದುಕೊಂಡು ಬಡಿಯಲು ಶುರು ಮಾಡಿದೆವು. ಜೋರಾಗಿ ಎತ್ತಿ ಬೀಸಬಾರದು, ಕಿಡಿ ಹಾರುತ್ತದೆ. ಬಡಿದು ಹಾಗೇ ಒತ್ತಿ ಹಿಡಿಯಬೇಕು.

ಕೆಳಗೆ ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ, ಮಗ ಗಲ್ಫ್‌ನಲ್ಲಿ. ದನದ ಹಟ್ಟಿಯ ಪಕ್ಕ ಬೈಹುಲ್ಲಿನ ರಾಶಿ. ಕೇರಳದ ತೆಂಕಣ ಜಿಲ್ಲೆಯಿಂದ ಬಂದ ಫೈರ್‌ಮ್ಯಾನ್ ಮಲಯಾಳದಲ್ಲಿ "ಅಮ್ಮೇ, ವೇಗಂ ವಾ" (ಅಮ್ಮಾ, ಬೇಗ ಬನ್ನಿ) ಅಂತ ಕೂಗುತ್ತಿದ್ದಾರೆ, ಅಜ್ಜಿ ಸುಮ್ನೆ ನೋಡುತ್ತಾ ನಿಂತಿದ್ದಾರೆ. ನಾನು ಓಡಿ ಹೋಗಿ ಕನ್ನಡದಲ್ಲಿ "ಅಜ್ಜಿ, ಬನ್ನಿ, ಬೆಂಕಿ ಇಲ್ಲಿಗೇ ಬರ್ತಾ ಇದೆ" ಅಂದೆ. "ದನ ಬಿಟ್ಟು ಬರುವುದಿಲ್ಲ ಮಗಾ" ಅಂದರು. ಗಂಟು ಬಿಗಿದು ಕಲ್ಲಾಗಿತ್ತು, ಕತ್ತಿಯಲ್ಲಿ ಹಗ್ಗ ಕಡಿದೆ. ದನ ಮುಂದೆ, ನನ್ನ ಅಂಗಿ ಹಿಡಿದುಕೊಂಡು ಅಜ್ಜಿ ಹಿಂದೆ. ಬೆಂಕಿ ಹಟ್ಟಿಯಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ ಆರಿತು.

ಯಾಕೆ ಹೋಗ್ತೀಯ ಅಂತ ಮನೆಯವರು ಕೇಳುತ್ತಲೇ ಇರುತ್ತಾರೆ. ಧೈರ್ಯ ಜಾಸ್ತಿ ಅಂತಲ್ಲ. ಅವತ್ತು ಅಲ್ಲಿ ಅಜ್ಜಿಗೆ ಅರ್ಥವಾಗುವ ಮಾತು ಆಡುವ ಒಬ್ಬ ಬೇಕಿತ್ತು, ಅಲ್ವಾ? ಈ ಗಡಿಯಲ್ಲಿ ಅದೂ ಒಂದು ಕೆಲಸವೇ.

ಎಲ್ಲ ಸಲ ಹೀಗೆ ಮುಗಿಯುವುದಿಲ್ಲ. ಒಮ್ಮೆ ಬಾವಿಯಿಂದ ನಾವು ಮೇಲೆತ್ತಿದವರು ಬದುಕಿರಲಿಲ್ಲ. ಆ ಹಗ್ಗದ ಭಾರ ನನ್ನ ಅಂಗೈಗೆ ಈಗಲೂ ಗೊತ್ತು. ತುಂಬಾ ದಿನ ಯಾರ ಹತ್ತಿರವೂ ಹೇಳಲಿಲ್ಲ, ಕೊನೆಗೆ ಜೊತೆಗಿದ್ದ ರಿಕ್ಷಾದವರೊಬ್ಬರು "ನನಗೂ ನಿದ್ದೆ ಬರ್ತಾ ಇಲ್ಲ" ಅಂದಾಗ ಇಬ್ಬರೂ ಕೂತು ಮಾತಾಡಿದೆವು. ಸಂಜೆ ಪಕ್ಕದ ಮನೆಯಲ್ಲಿ ತರಗೆಲೆ ಸುಟ್ಟರೂ ಎದ್ದು ಹೊರಗೆ ಹೋಗಿ ನೋಡಿ ಬರುತ್ತೇನೆ.

ಮೊನ್ನೆ ಆ ದಾರಿಯಲ್ಲಿ ಹೋದಾಗ ಅಜ್ಜಿ ಕರೆದು ಮಜ್ಜಿಗೆ ಕೊಟ್ಟರು. ಹಟ್ಟಿಗೆ ಹೋಗಿ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹೇಳಿಕೊಟ್ಟೆ. ಮೂರನೇ ಸಲಕ್ಕೆ ಅವರೇ ಹಾಕಿದರು, ಎಳೆದು ನೋಡಿದರು, ಪುನಃ ಹಾಕಿದರು.