ಆಗಾಗ ತೆರೆಯುವ ಕುಳಿ

ಬೆಳಿಗ್ಗೆಯಿಂದ ಒಂದೇ ಪ್ರೊಟೀನನ್ನು ನೋಡುತ್ತಾ ಕುಳಿತಿದ್ದೇನೆ. ಹೆಸರು ಪಿ53. ಡಿಎನ್‌ಎಗೆ ಪೆಟ್ಟು ಬಿದ್ದ ಜೀವಕೋಶ ವಿಭಜನೆಯಾಗದಂತೆ ತಡೆಯುವ ಕಾವಲುಗಾರ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನೇ ಕೆಟ್ಟಿರುತ್ತಾನೆ.

ಪಠ್ಯಪುಸ್ತಕದ ಚಿತ್ರದಲ್ಲಿ ಪ್ರೊಟೀನು ಕಲ್ಲಿನಂತೆ ನಿಶ್ಚಲ. ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಹಾಗಲ್ಲ. ಸುತ್ತಲಿನ ನೀರಿನ ಅಣುಗಳು ಬಂದು ಬಡಿಯುತ್ತವೆ, ಸರಪಳಿಯ ಕೊಂಡಿಗಳು ನಡುಗುತ್ತವೆ, ಅಂಚಿನ ಒಂದು ಸುರುಳಿ ಹೊರಗೆ ಬಾಗಿ ಮತ್ತೆ ಒಳಗೆ ಸರಿಯುತ್ತದೆ. ಪ್ರತಿ ಪರಮಾಣುವಿನ ಮೇಲಿನ ಬಲವನ್ನು ಲೆಕ್ಕ ಹಾಕಿ, ಕಾಲವನ್ನು 2 ಫೆಮ್ಟೊಸೆಕೆಂಡ್ ಮುಂದೆ ಸರಿಸಿ, ಮತ್ತೆ ಅದೇ ಲೆಕ್ಕ. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೊಸೆಕೆಂಡ್. ಒಂದು ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು, ಮುಟ್ಟಲು ಇಂಥ 50 ಕೋಟಿ ಹೆಜ್ಜೆಗಳು ಬೇಕು. 1977ರಲ್ಲಿ ಮೊದಲ ಬಾರಿಗೆ ಪ್ರೊಟೀನೊಂದರ ಚಲನೆಯನ್ನು ಹೀಗೆ ಲೆಕ್ಕ ಹಾಕಿದವರಿಗೆ 10 ಪಿಕೊಸೆಕೆಂಡ್ (ಮೈಕ್ರೊಸೆಕೆಂಡಿನ ಲಕ್ಷದಲ್ಲೊಂದು ಪಾಲು) ಕೂಡ ದಕ್ಕಿರಲಿಲ್ಲ. ಆದರೂ ಅವರು ಬಿಡಲಿಲ್ಲವಲ್ಲ ಎಂದು ನೆನೆದಾಗ ಮನಸ್ಸು ತುಂಬಿ ಬರುತ್ತದೆ.

2013ರಲ್ಲಿ ಪ್ರಕಟವಾದ ಇಂಥದೇ ಅಧ್ಯಯನವೊಂದು ಪಿ53ರ ಮೈಮೇಲೆ ಆಗಾಗ ಮಾತ್ರ ಬಾಯಿ ತೆರೆಯುವ ಒಂದು ಕುಳಿಯನ್ನು ತೋರಿಸಿತು. ಪ್ರೊಟೀನನ್ನು ಸ್ಫಟಿಕವಾಗಿಸಿ ಪಡೆದ ಚಿತ್ರಗಳಲ್ಲಿ ಅದು ಬಹುಮಟ್ಟಿಗೆ ಮುಚ್ಚಿಕೊಂಡಿತ್ತು. ಅಲ್ಲಿ ಕೂರಬಲ್ಲ ಅಣುಗಳನ್ನು ಕಂಪ್ಯೂಟರಿನಲ್ಲೇ ಹುಡುಕಿದಾಗ ಸಿಕ್ಕದ್ದು ಸ್ಟಿಕ್ಟಿಕ್ ಆಮ್ಲ, ಬಂಡೆಗೆ ಅಂಟಿ ಬೆಳೆಯುವ ಕಲ್ಲುಹೂವಿನ ವಸ್ತು! ಮೂಳೆ ಕ್ಯಾನ್ಸರಿನ ಕೋಶಗಳಲ್ಲಿ ಅದು ಕೆಟ್ಟ ಪಿ53ಗೆ ಮತ್ತೆ ಚೇತನ ಕೊಟ್ಟಿತು. ಅದು ಔಷಧವಲ್ಲ, ಔಷಧಕ್ಕೆ ದಾರಿ ಇಲ್ಲಿರಬಹುದು ಎಂಬ ಸುಳಿವು. ರೋಗಿಯ ಹಾಸಿಗೆಯವರೆಗೆ ಇನ್ನೂ ಬಹಳ ದೂರವಿದೆ.

ನನ್ನ ಪರದೆಯಲ್ಲಿ ಆ ಸುರುಳಿ ಈಗಷ್ಟೇ ಹೊರಗೆ ಬಾಗಿತು. ಕುಳಿಯ ಅಗಲ ಅಳೆಯಬೇಕು.